ಐಎಲ್‌ಆರ್‌ಗೆ 180 ದಿನದ ಲೆಕ್ಕ: ಅಪ್ಪನ ಕಾಯಿಲೆಗೆ ಊರಲ್ಲಿದ್ದ ದಿನಗಳು, ಮಧ್ಯೆ ವೀಸಾ ಗ್ಯಾಪ್

ಹಾಸನದವಳು_ರೆಡಿಂಗ್

ಎಲ್ರಿಗೂ ನಮಸ್ಕಾರ. ಯುಕೆನಲ್ಲಿ ಸ್ಕಿಲ್ಡ್ ವರ್ಕರ್ ವೀಸಾ ಮೇಲೆ ಇದೀನಿ. ವೀಸಾ ಸಿಕ್ಕಿದ್ದು 2021 ಜನವರಿ 11ಕ್ಕೆ, ಕೋವಿಡ್ ಗಲಾಟೆಲಿ ಹೊರಡೋದು ತಡ ಆಗಿ ಇಲ್ಲಿಗೆ ಬಂದಿಳಿದಿದ್ದು ಮಾರ್ಚ್ 8ಕ್ಕೆ. ಈಗ 5 ವರ್ಷ ತುಂಬ್ತಾ ಬಂತು, ಐಎಲ್‌ಆರ್ (ಯುಕೆನಲ್ಲೇ ಕಾಯಂ ಇರೋ ಅನುಮತಿ) ಹಾಕೋಣ, ವರ್ಷಕ್ಕೆ 180 ದಿನಕ್ಕಿಂತ ಜಾಸ್ತಿ ದೇಶದ ಹೊರಗಿರ್ಬಾರ್ದಲ್ಲ, ಅದನ್ನ ಎಣಿಸೋಣ ಅಂತ ಮೊನ್ನೆ ಭಾನುವಾರ ಪಾಸ್‌ಪೋರ್ಟ್ ಹಿಡ್ಕೊಂಡು ಕೂತೆ, ಬೆಂಗಳೂರು ಏರ್‌ಪೋರ್ಟ್ ಸೀಲು ಅರ್ಧ ಮಸುಕಾಗಿತ್ತು, ಕೊನೆಗೆ ಅಮ್ಮಂಗೆ ಫೋನ್ ಮಾಡಿ ಅವರು ಹಾಲಿನ ಲೆಕ್ಕ ಬರೆಯೋ ಕ್ಯಾಲೆಂಡರ್‌ನಲ್ಲಿ "ಮಗಳು ಹೊರಟಳು" ಅಂತ ಬರೆದಿಟ್ಟಿದ್ದು ನೋಡಿ ತಾರೀಕು ಸರಿ ಮಾಡ್ಕೊಂಡೆ.

ಮೊದಲನೇ ಸಲ ಹೋಗಿದ್ದು 2023 ಫೆಬ್ರವರಿ 4, ವಾಪಸ್ ಮೇ 8. ತಮ್ಮನ ಮದುವೆ ಇತ್ತು, ಅದರಲ್ಲಿ ಅರ್ಧಕ್ಕಿಂತ ಜಾಸ್ತಿ ಊರಿಂದಲೇ ಆಫೀಸ್ ಕೆಲಸ ಮಾಡಿದೀನಿ. ಅದೇ ವರ್ಷ ಅಕ್ಟೋಬರ್‌ನಲ್ಲಿ ಅಪ್ಪಂಗೆ ಸ್ಟ್ರೋಕ್ ಆಯ್ತು, 20ನೇ ತಾರೀಕು ಹೊರಟೆ, ಅವರು ಐಸಿಯುನಲ್ಲಿ 16 ದಿನ ಇದ್ರು, ಬಿಟ್ಟು ಬರೋಕೆ ಆಗ್ಲಿಲ್ಲ, ಬಂದಿದ್ದು 2024 ಜನವರಿ 20. ನನ್ನ ಲೆಕ್ಕಕ್ಕೆ ಎರಡೂ ಸೇರಿ 187 ದಿನ. ಹೆಚ್‌ಆರ್‌ನವರು ಕ್ಯಾಲೆಂಡರ್ ವರ್ಷ ನೋಡ್ತಾರೆ, 2023ರಲ್ಲಿ 180 ದಾಟಿಲ್ಲ, ಏನೂ ಆಗಲ್ಲ ಅಂದ್ರು. ನಿಜಾನಾ?

ಇನ್ನೊಂದು ಇದೆ. 2022ರಲ್ಲಿ ಮೊದಲನೇ ಕಂಪನಿ ಕೆಲಸದಿಂದ ತೆಗೀತು, ವೀಸಾ 60 ದಿನಕ್ಕೆ ಮೊಟಕು ಮಾಡಿದ ಪತ್ರ ಬಂತು. ಹೊಸ ಕಂಪನಿ ಸ್ಪಾನ್ಸರ್‌ಶಿಪ್ ಸರ್ಟಿಫಿಕೇಟ್ ಕೊಡೋಕೆ ತಡ ಮಾಡಿ, ವೀಸಾ ಮುಗಿದು 9 ದಿನ ಆದ್ಮೇಲೆ ಅರ್ಜಿ ಹಾಕಿದ್ದು, ಆರು ವಾರಕ್ಕೆ ವೀಸಾ ಬಂತು. ಆ ಗ್ಯಾಪ್ ಇಂದ 5 ವರ್ಷ ಮತ್ತೆ ಮೊದಲಿಂದ ಶುರು ಆಗುತ್ತಾ? ರಾತ್ರಿ ನಿದ್ದೆ ಬರ್ತಿಲ್ಲ, ಗೊತ್ತಿರೋರು ದಯವಿಟ್ಟು ಹೇಳಿ.

ಮಲ್ನಾಡ್_ಮಂಜಣ್ಣ

ತಂಗಿ, ಗಾಬರಿ ಆಗ್ಬೇಡಮ್ಮ. ನಂಗೆ 2019ರಲ್ಲಿ ಆಯ್ತು. ಅರ್ಜಿ ಹಾಕೋ ದಿನದಿಂದ ಹಿಂದಕ್ಕೆ ಒಂದೊಂದು ವರ್ಷದ ಐದು ತುಂಡು ಮಾಡ್ತಾರೆ, ಒಂದೊಂದು ತುಂಡಲ್ಲಿ 180 ದಾಟ್ಬಾರ್ದು ಅಷ್ಟೇ. ನೀನು ಜನವರಿ 11ಕ್ಕೆ ಹಿಡಿದು ಹಿಂದಕ್ಕೆ ಎಣಿಸಿದ್ರೆ ಆ ತುಂಡು 2024 ಜನವರಿ 10ಕ್ಕೆ ಮುಗಿಯುತ್ತೆ, ಎರಡನೇ ಟ್ರಿಪ್‌ನ ಕೊನೇ ದಿನಗಳು ಮುಂದಿನ ತುಂಡಿಗೆ ಹೋಗುತ್ತೆ, 174 ಅಷ್ಟೇ ಬರುತ್ತೆ. ಪಾಸ್ ಆಗ್ತೀಯ.

ಸ್ಲೌ_ಸಂಸಾರಿ

ಮಂಜಣ್ಣ, ನಿಮಗೆ ಆಗಿದ್ದು ಸರಿ, ಆದ್ರೆ ಆ ಲೆಕ್ಕ ಇವರಿಗೆ ನಡೆಯಲ್ಲ. 2018 ಜನವರಿ 11ಕ್ಕಿಂತ ಮುಂಚೆ ಕೊಟ್ಟ ವೀಸಾಗೆ ಮಾತ್ರ ಹಂಗೆ ತುಂಡು ಮಾಡೋದು. ಆಮೇಲೆ ಕೊಟ್ಟ ವೀಸಾಗಳಿಗೆಲ್ಲ ರೋಲಿಂಗ್, ಅಂದ್ರೆ ಯಾವ ದಿನದಿಂದ ಹಿಡಿದು 12 ತಿಂಗಳು ಎಣಿಸಿದ್ರೂ 180 ದಾಟ್ಬಾರ್ದು. ಕ್ಯಾಲೆಂಡರ್ ವರ್ಷ ಅನ್ನೋದು ಯಾವಾಗ್ಲೂ ಇರ್ಲಿಲ್ಲ, ಹೆಚ್‌ಆರ್ ಮಾತು ನಂಬ್ಬೇಡಿ.

ಅಕ್ಕ, ನಿಮ್ಮ ಎಣಿಕೇಲೂ ಒಂದು ತಪ್ಪಿದೆ. ಹೊರಟ ದಿನ, ವಾಪಸ್ ಬಂದ ದಿನ ಎರಡೂ ಲೆಕ್ಕಕ್ಕಿಲ್ಲ, ಪೂರ್ತಿ ದಿನ ಹೊರಗಿದ್ರೆ ಮಾತ್ರ. ಹಂಗೆ ಮಾಡಿದ್ರೆ ಮೊದಲನೇದು 92, ಎರಡನೇದು 91, ಒಟ್ಟು 183. 2023 ಫೆಬ್ರವರಿ 5ರಿಂದ 12 ತಿಂಗಳಲ್ಲಿ ಎರಡೂ ಪೂರ್ತಿ ಬಿದ್ದುಬಿಡುತ್ತೆ. ಊರಿಂದ ಕೆಲಸ ಮಾಡಿದ್ದು, ಕಂಪನಿ ಕೆಲಸಕ್ಕೆ ಅಂತ ಹೋಗಿದ್ದು ಯಾವುದೂ ಮಾಫಿ ಇಲ್ಲ, ದೇಶದ ಹೊರಗಿದ್ರಾ ಅಂತ ಅಷ್ಟೇ ನೋಡೋದು. ಸೋ 3 ದಿನ ಜಾಸ್ತಿ.

ಆದ್ರೆ ದಾರಿ ಇದೆ. ಹತ್ತಿರದ ಸಂಬಂಧಿಗೆ ಜೀವಕ್ಕೆ ಅಪಾಯ ಇರೋ ಕಾಯಿಲೆ ಆದ್ರೆ ಆ ಕಾರಣಕ್ಕೆ ಹೊರಗಿದ್ದ ದಿನಗಳನ್ನ 180ಕ್ಕೆ ಸೇರಿಸ್ದೇ ಇರೋಕೆ ರೂಲ್ಸ್‌ನಲ್ಲೇ ಅವಕಾಶ ಇದೆ. ಸ್ಟ್ರೋಕ್, ಐಸಿಯು ಅಂದ್ರೆ ಗಟ್ಟಿ ಕಾರಣವೇ. ಆದ್ರೆ ಬಾಯಿಮಾತಿಗೆ ಒಪ್ಪಲ್ಲ. ಡಿಸ್ಚಾರ್ಜ್ ಸಮ್ಮರಿ ಬೇಕು, ಡಾಕ್ಟರ್ ಲೆಟರ್‌ಹೆಡ್‌ನಲ್ಲಿ ಎಷ್ಟು ಸೀರಿಯಸ್ ಇತ್ತು, ಡಿಸ್ಚಾರ್ಜ್ ಆದ್ಮೇಲೂ ಎಷ್ಟು ದಿನ ಯಾರಾದ್ರೂ ಜೊತೆಗೆ ಇರ್ಲೇಬೇಕಿತ್ತು ಅಂತ ಇಂಗ್ಲಿಷಲ್ಲಿ ಬರೆಸಿ. ಇಲ್ಲಿ ಕಂಪನಿ ರಜೆ ಕೊಟ್ಟ ಇಮೇಲ್ ಹಾಕಿ. ಅವರು ನಿಮ್ಮ ತಂದೆ ಅನ್ನೋಕೆ ಬರ್ತ್ ಸರ್ಟಿಫಿಕೇಟ್. ಇವೆಲ್ಲದರ ಮೇಲೆ ಒಂದು ಕವರ್ ಲೆಟರ್. 183 ಅಂತ ನೀವೇ ಮೊದಲು ಹೇಳಿ, ಮುಚ್ಚಿಡ್ಬೇಡಿ, ಹೋಗಿ ಬಂದ ದಾಖಲೆ ಅವರ ಹತ್ರ ಇದ್ದೇ ಇರುತ್ತೆ. ಕಾರಣ ಒಪ್ಪದೇ ಹೋದ್ರೆ ಮಾತ್ರ 5 ವರ್ಷದ ಲೆಕ್ಕ ಆಚೆಗೆ ಸರಿದು 2028ರ ತನಕ ಕಾಯ್ಬೇಕಾಗುತ್ತೆ, ಅದಕ್ಕೇ ಈ ಕಾಗದಗಳ ವಿಷಯದಲ್ಲಿ ಇಷ್ಟು ಒತ್ತಿ ಹೇಳ್ತಿರೋದು.

ಧಾರವಾಡ_ಪೇಢೆ

ಅಕ್ಕಾರ, ಗ್ಯಾಪ್ ಬಗ್ಗೆ ನಾ ಹೇಳ್ತೀನ್ರಿ, ನನಗೂ ಇದ ಆಗಿತ್ತು. ವೀಸಾ ಮುಗಿಯೂಕಿಂತ ಮೊದ್ಲ ಅರ್ಜಿ ಹಾಕಿದ್ರ ಇಮಿಗ್ರೇಷನ್ ಕಾಯ್ದೆದಾಗ 3ಸಿ ಅಂತ ಸೆಕ್ಷನ್ ಐತಿ, ಹಳೇ ವೀಸಾ ಷರತ್ತಿನ ಮ್ಯಾಲ ತೀರ್ಮಾನ ಬರೂತನಕ ಇರಬಹುದು, ಗ್ಯಾಪ್ ಅನ್ನೂದ ಬರಂಗಿಲ್ಲ. ಮುಗದ ಮ್ಯಾಲ ಹಾಕಿದ್ರ ಆ ರಕ್ಷಣೆ ಇಲ್ಲ, ಕೆಲಸಾನೂ ಮಾಡಂಗಿಲ್ಲ. ಆದ್ರ 14 ದಿನದೊಳಗ, ನಮ್ಮ ಕೈ ಮೀರಿದ ಕಾರಣ ತೋರಿಸಿ ಹಾಕಿ, ಅದಕ್ಕ ವೀಸಾ ಸಿಕ್ಕಿದ್ರ ಇಮಿಗ್ರೇಷನ್ ರೂಲ್ಸ್‌ದಾಗ ಆವಾಗಿದ್ದ 39ಇ ಪ್ಯಾರಾ ಪ್ರಕಾರ ಆ ಓವರ್‌ಸ್ಟೇ ನಿರಂತರ ವಾಸ ಮುರಿಯಂಗಿಲ್ಲ. ನಿಮ್ದು 9 ದಿನ, ವೀಸಾನೂ ಸಿಕ್ಕೇತಿ. ಆವಾಗ ಕೊಟ್ಟ ಕಾರಣದ ಪತ್ರ ಹುಡುಕಿ ಇಟ್ಕೋರಿ. ಹೊಸ ಕಂಪನಿ ತಡಾ ಮಾಡಿದ್ದಕ್ಕ ಇಮೇಲ್ ಇದ್ದ್ರ ಅದೂ ಹಚ್ಚರಿ. ಆ ಆರೇಳು ವಾರದಾಗ ಪೇಸ್ಲಿಪ್ ಇರಬಾರ್ದ್ರಿ, ಒಂದಿಷ್ಟು ನೋಡಿಕೋರಿ.

ನನ್ನ ಮಾತು ಕೇಳೂದಾದ್ರ ಭಾಳ ಅವಸರ ಮಾಡಬ್ಯಾಡ್ರಿ. 5 ವರ್ಷ ತುಂಬೂಕ 28 ದಿನ ಮೊದ್ಲ ಹಾಕಬಹುದು ಖರೆ, ವೀಸಾ ಕೊಟ್ಟ ದಿನದಿಂದ ಹಿಡಿದ್ರ ಡಿಸೆಂಬರ್ 14ಕ್ಕ ಹಾಕಾಕ ಬರತೈತಿ, ಬರೂಮುಂದ ತಡಾ ಆದ 55 ದಿನ ಹೊರಗಿದ್ದಂಗ ಎಣಿಸ್ತಾರ ಅಷ್ಟ. ಆದ್ರ ಗ್ಯಾಪಿನ ಆ ವಾರಗಳನ್ನ ಬಿಟ್ಟು 5 ವರ್ಷ ಮಾಡಿ ಹಾಕಿದ್ರ ಯಾರೂ ತಕರಾರು ತಗ್ಯಾಕ ಬರಂಗಿಲ್ಲ. ಫೀ 2025ರಾಗ 3,029 ಪೌಂಡ್ ಇತ್ತು, ತಿರಸ್ಕಾರ ಆದ್ರ ರೊಕ್ಕ ವಾಪಸ್ ಬರಂಗಿಲ್ರಿ.

ಹಾಸನದವಳು_ರೆಡಿಂಗ್

ತುಂಬಾ ತುಂಬಾ ಥ್ಯಾಂಕ್ಸ್. ಆ ಆರು ವಾರ ಕೆಲಸ ಮಾಡಿಲ್ಲ, ಸಂಬಳನೂ ಬಂದಿಲ್ಲ, ಉಳಿಸಿದ ದುಡ್ಡಲ್ಲಿ ಬಾಡಿಗೆ ಕಟ್ಟಿದ್ದೆ. ಇನ್ನೆರಡು ಕೇಳ್ತೀನಿ. ನಮ್ಮನೆಯವರು ಡಿಪೆಂಡೆಂಟ್, 2021 ಅಕ್ಟೋಬರ್‌ನಲ್ಲಿ ಬಂದ್ರು, ಜೊತೆಗೇ ಹಾಕ್ಬಹುದಾ? ಜನವರಿಯಲ್ಲಿ ಅಪ್ಪನ 70ನೇ ವರ್ಷದ ಶಾಂತಿ ಇಟ್ಕೊಂಡಿದಾರೆ, ಅರ್ಜಿ ಹಾಕಿ ಹೋಗಿ ಬರ್ಬಹುದಾ? 2025 ಮೇ ತಿಂಗಳ ಸರ್ಕಾರದ ವೈಟ್ ಪೇಪರ್‌ನಲ್ಲಿ 5 ವರ್ಷ ಇರೋದನ್ನ 10 ಮಾಡ್ತೀವಿ ಅಂದಿದಾರಲ್ಲ, ಅದಕ್ಕೇ ಅವಸರ.

ಸ್ಲೌ_ಸಂಸಾರಿ

ಅಯ್ಯೋ ಬೇಡ ಅಕ್ಕ. ಅರ್ಜಿ ಹಾಕಿ ತೀರ್ಮಾನ ಬರೋ ಮುಂಚೆ ಇಂಡಿಯಾಗೆ ಹೋದ್ರೆ ಅರ್ಜಿ ವಾಪಸ್ ತಗೊಂಡಂಗೇ ಲೆಕ್ಕ. ಶಾಂತಿ ಮುಗಿಸ್ಕೊಂಡು ಬಂದು ಹಾಕಿ, ಆ ದಿನಗಳೂ ಲೆಕ್ಕಕ್ಕೆ ಬರುತ್ತೆ ಅನ್ನೋದು ನೆನಪಿರ್ಲಿ. ನಿಮ್ಮ ಮನೆಯವರಿಗೆ ಅವರದ್ದೇ 5 ವರ್ಷ ಆಗ್ಬೇಕು, ಅವರ 180 ದಿನನೂ ಬೇರೆ ಎಣಿಸ್ತಾರೆ. ಐಎಲ್‌ಆರ್‌ಗೆ ಬೇಕಾದ ಲೈಫ್ ಇನ್ ದ ಯುಕೆ ಟೆಸ್ಟ್ ಮಾತ್ರ ಈಗಲೇ ಬರೆದು ಬಿಡಿ, 24ಕ್ಕೆ 18 ಬಂದ್ರೆ ಸಾಕು. ವೈಟ್ ಪೇಪರ್ 2025ರಲ್ಲಿ ಬಂದಾಗ ಪ್ರಸ್ತಾಪ ಅಷ್ಟೇ, ಅದು ರೂಲ್ ಆಗೋ ಸುದ್ದಿ ಬಂದ್ರೆ ಮಾತ್ರ ಅರ್ಜಿ ಇನ್ನೂ ಬೇಗ ಹಾಕಿ. ಇಷ್ಟು ಗೋಜಲಾಗಿರೋ ಕೇಸ್‌ಗೆ ಒಬ್ಬ ಇಮಿಗ್ರೇಷನ್ ಸಾಲಿಸಿಟರ್‌ಗೆ ಒಂದು ಸಲ ತೋರಿಸಿ, ಹೆಚ್‌ಆರ್‌ಗಲ್ಲ.

ಮಲ್ನಾಡ್_ಮಂಜಣ್ಣ

ನಾನು ಹಳೇ ಲೆಕ್ಕ ಹೇಳಿಬಿಟ್ಟಿದ್ದೆ, ಕ್ಷಮಿಸಮ್ಮ. ಸಂಸಾರಿ ಹೇಳಿದಂಗೇ ಮಾಡು. ಅಪ್ಪ ಈಗ ಹೆಂಗಿದಾರೆ?

ಹಾಸನದವಳು_ರೆಡಿಂಗ್

ಕೋಲು ಹಿಡ್ಕೊಂಡು ಓಡಾಡ್ತಾರೆ ಅಣ್ಣ, ಎಡಗೈ ಇನ್ನೂ ಸ್ವಲ್ಪ ಬಿಗಿ. ತಮ್ಮ ಇವತ್ತು ಬೀರು ತೆಗ್ದು ಐಸಿಯು ಬಿಲ್ಲು, ಡಿಸ್ಚಾರ್ಜ್ ಸಮ್ಮರಿ ಎಲ್ಲ ಫೋಟೋ ತೆಗೆದು ಕಳಿಸ್ದ, ಅಮ್ಮ ಒಂದು ಚೀಟಿನೂ ಬಿಸಾಕಿರ್ಲಿಲ್ಲ. ಸೋಮವಾರ ಡಾಕ್ಟರ್ ಹತ್ರ ಲೆಟರ್ ಬರೆಸೋಕೆ ಹೋಗ್ತಿದಾನೆ.