ಮಗನಿಗೆ ಫ್ರೆಟರ್ನಿಟಿಯಿಂದ ಬಿಡ್ ಬಂದಿದೆ, ಏನೇನು ವಿಚಾರಿಸಬೇಕು?

ಪ್ರಶ್ನೆ (ಒಬ್ಬ ತಾಯಿ, ನ್ಯೂಜೆರ್ಸಿ): ಎಲ್ಲರಿಗೂ ನಮಸ್ಕಾರ. ಮಗ ಪೆನ್ಸಿಲ್ವೇನಿಯಾದಲ್ಲಿ ಫ್ರೆಶ್‌ಮನ್, ಅಂದ್ರೆ ಮೊದಲ ವರ್ಷ, 18 ತುಂಬಿದೆ. ಒಂದು ಫ್ರೆಟರ್ನಿಟಿ (ಕಾಲೇಜು ಹುಡುಗರ ಸಂಘ) ಬಿಡ್, ಅಂದ್ರೆ ಸೇರೋಕೆ ಆಹ್ವಾನ, ಕೊಟ್ಟಿದೆ, ಶುಕ್ರವಾರದೊಳಗೆ ಹೇಳ್ಬೇಕಂತೆ. ನಾವು ಓದಿದ್ದು ದಾವಣಗೆರೆಯಲ್ಲಿ, ಗೊತ್ತಿರೋದು ಹಾಸ್ಟೆಲ್ ರ‍್ಯಾಗಿಂಗ್ ಅಷ್ಟೇ. ಇದೂ ಅದೇನಾ? ಬೇಡ ಅಂದುಬಿಡ್ಲಾ?

ಉತ್ತರ (ಕಾಲೇಜೊಂದರ ಫ್ರೆಟರ್ನಿಟಿ ಸಲಹೆಗಾರರು): ಬೇಡ ಅಂದರೆ ಹೇಳದೆ ಸೇರಬಹುದು ಮೇಡಂ, ಅದು ಇನ್ನೂ ಕಷ್ಟ. ರ‍್ಯಾಗಿಂಗ್ ಬೇಡವೆಂದರೂ ಮೈಮೇಲೆ ಬರುವಂಥದ್ದು. ಇಲ್ಲಿನ ಹೇಜಿಂಗ್ (ಹೊಸದಾಗಿ ಸೇರುವವರಿಗೆ ಕೊಡುವ ಹಿಂಸೆ, ಅವಮಾನ) ಹಾಗಲ್ಲ, ಹುಡುಗ ತಾನೇ ಆಸೆಪಟ್ಟ ಗುಂಪಿನೊಳಗೆ ಹೋಗಲು ಕಟ್ಟುವ ಸುಂಕ. ಹಾಗಾಗಿ ಅದನ್ನು ಮೊದಲು ಮುಚ್ಚಿಡುವವನು ಅವನೇ. ಬಿಡ್ ಒಪ್ಪಿದ ದಿನದಿಂದ ಪೂರ್ಣ ಸದಸ್ಯನಾಗಿಸುವ ಇನಿಷಿಯೇಶನ್‌ವರೆಗಿನ ಕೆಲವು ವಾರ ಅವನು ಪ್ಲೆಡ್ಜ್. ಹೆಚ್ಚಿನ ಅಪಾಯ ಆ ವಾರಗಳಲ್ಲೇ.

ಇವತ್ತೇ ಕಾಲೇಜಿನ ವೆಬ್‌ಸೈಟಿನಲ್ಲಿ ಹೇಜಿಂಗ್ ವರದಿ ಹುಡುಕಿ. 2017ರಲ್ಲಿ ಪೆನ್ ಸ್ಟೇಟ್‌ನ ವಿದ್ಯಾರ್ಥಿ ಟಿಮೊಥಿ ಪಿಯಾಜಾ ಪ್ಲೆಡ್ಜ್ ರಾತ್ರಿ ಕುಡಿಸಿದ್ದರಿಂದ ಬಿದ್ದು ಸತ್ತ ಮೇಲೆ, 2018ರಲ್ಲಿ ಅವನ ಹೆಸರಲ್ಲೇ ಬಂದ ಪೆನ್ಸಿಲ್ವೇನಿಯಾ ಕಾನೂನು ಈ ವರದಿಯನ್ನು ಕಡ್ಡಾಯ ಮಾಡಿತು. 2024ರ ಡಿಸೆಂಬರ್‌ನಲ್ಲಿ ಸಹಿಯಾದ ಫೆಡರಲ್ ಕಾನೂನಿನಿಂದ ಬೇರೆ ರಾಜ್ಯಗಳಲ್ಲೂ ಇಂಥ ವರದಿ ಬೇಕು. ಸಂಘಟನೆಯ ಹೆಸರು, ಏನು ನಡೆಯಿತು, ಯಾವ ಶಿಕ್ಷೆ, ಎಲ್ಲ ಇರುತ್ತೆ. ಆದರೆ ಸಾಬೀತಾದದ್ದು ಮಾತ್ರ. ಹೆಸರಿಲ್ಲ ಅಂದರೆ ಮಡಿ ಅಂತಲ್ಲ. ಜೊತೆಗೆ ಮಾನ್ಯತೆ ಪಡೆದ ಫ್ರೆಟರ್ನಿಟಿಗಳ ಪಟ್ಟಿಯನ್ನೂ ನೋಡಿ. ಕಾಲೇಜು ಹೊರಹಾಕಿದ ಗುಂಪು ಕೆಲವೊಮ್ಮೆ ಅದೇ ಮನೆಯಲ್ಲಿ, ಅದೇ ಹುಡುಗರೊಂದಿಗೆ, ಯಾರ ಲಗಾಮೂ ಇಲ್ಲದೆ ನಡೀತಿರುತ್ತೆ. ಆ ಪಟ್ಟಿಯಲ್ಲಿ ಇಲ್ಲದಿದ್ದರೆ ಮಾತ್ರ ಖಡಾಖಂಡಿತವಾಗಿ ಬೇಡ ಅನ್ನಿ.

ಪ್ರಶ್ನೆ (ಒಬ್ಬ ತಂದೆ, ಟೆಕ್ಸಾಸ್): ಸರ್, ನಮ್ಮ ಹುಡುಗ ನೋಡ್ತಿರೋದು ದೇಸಿ ಫ್ರೆಟರ್ನಿಟಿ. ನಮ್ಮವರೇ ಅಲ್ವಾ, ಭಯ ಇರಲ್ಲ ತಾನೇ?

ಉತ್ತರ (ಸಲಹೆಗಾರರು): ಆ ಲೆಕ್ಕ ಹಾಕಬೇಡಿ ಸರ್. 2013ರ ಡಿಸೆಂಬರ್‌ನಲ್ಲಿ ನ್ಯೂಯಾರ್ಕ್‌ನ ಬಾರೂಕ್ ಕಾಲೇಜಿನ ಫ್ರೆಶ್‌ಮನ್ ಒಬ್ಬ ತೀರಿಕೊಂಡದ್ದು ಏಷ್ಯನ್ ಅಮೆರಿಕನ್ ಹುಡುಗರದೇ ಫ್ರೆಟರ್ನಿಟಿಯಲ್ಲಿ. ಪೆನ್ಸಿಲ್ವೇನಿಯಾದ ಪೊಕೊನೊ ಬೆಟ್ಟದಲ್ಲಿ ಬಾಡಿಗೆ ಮನೆ. ಕಣ್ಣಿಗೆ ಬಟ್ಟೆ, ಬೆನ್ನಿಗೆ ಮರಳು ತುಂಬಿದ ಚೀಲ, ಸಾಲಾಗಿ ನಿಂತವರು ಅವನನ್ನು ಕೆಡವಬೇಕು. ತಲೆಗೆ ಪೆಟ್ಟುಬಿದ್ದ ಮೇಲೂ ಆಸ್ಪತ್ರೆಗೆ ಒಯ್ಯಲು ತಡಮಾಡಿದರು. ವಾರಾಂತ್ಯದ ‘ರಿಟ್ರೀಟ್’ ಅಂದಾಗ ವಿಳಾಸ ಕೇಳಿ. ಫೋನ್ ಒಪ್ಪಿಸಬೇಕು ಅಂದರೆ ಹೋಗುವುದೇ ಬೇಡ.

ಉತ್ತರ (ತುರ್ತು ಚಿಕಿತ್ಸಾ ವೈದ್ಯರು): ಕುಡಿತದ ಬಗ್ಗೆ ನಾನು ಸೇರಿಸ್ತೀನಿ. ಪ್ಲೆಡ್ಜ್‌ಗೆ ‘ಬಿಗ್ ಬ್ರದರ್’ (ಮಾರ್ಗದರ್ಶಿ ಹಿರಿಯ ಸದಸ್ಯ) ಗೊತ್ತುಮಾಡುವ ರಾತ್ರಿ ಕೆಲವು ಕಡೆ ಅವನ ಕೈಗೆ ಒಂದು ಇಡೀ ಬಾಟಲಿ ಕೊಡ್ತಾರೆ. 2021ರಲ್ಲಿ ಓಹಾಯೋದಲ್ಲಿ ಒಬ್ಬ ಹುಡುಗನನ್ನು ಬಲಿ ತೆಗೆದುಕೊಂಡದ್ದು ಈ ಸಂಪ್ರದಾಯವೇ. 750 ಎಂಎಲ್ ವಿಸ್ಕಿ ಅಂದರೆ ಸುಮಾರು 17 ಡ್ರಿಂಕ್ (ಅಮೆರಿಕದ ಅಳತೆಯಲ್ಲಿ ಒಂದು ಡ್ರಿಂಕ್ ಸುಮಾರು 44 ಎಂಎಲ್ ವಿಸ್ಕಿ). ಗಟಗಟ ಕುಡಿದು ಬಿದ್ದುಕೊಂಡ ಮೇಲೂ ಹೊಟ್ಟೆಯಲ್ಲಿ ಉಳಿದದ್ದು ರಕ್ತಕ್ಕೆ ಸೇರುತ್ತಲೇ ಇರುತ್ತೆ. ‘ಮಲಗಿದ್ರೆ ಸರಿಹೋಗ್ತಾನೆ’ ಅನ್ನುವುದೇ ಕೊಲ್ಲುವ ಮಾತು.

ಮಗನಿಗೆ ಇದನ್ನು ಕಲಿಸಿ. ಅಲುಗಾಡಿಸಿದರೂ ಏಳುತ್ತಿಲ್ಲ, ನಿಮಿಷಕ್ಕೆ ಎಂಟಕ್ಕಿಂತ ಕಡಿಮೆ ಉಸಿರು, ಎರಡು ಉಸಿರಿನ ನಡುವೆ ಹತ್ತು ಸೆಕೆಂಡಿನ ಅಂತರ, ತುಟಿ ನೀಲಿ: ಯಾವುದೊಂದಿದ್ದರೂ 911. ಅಂಗಾತ ಮಲಗಿಸಿದರೆ ವಾಂತಿ ಶ್ವಾಸನಾಳಕ್ಕೆ ಇಳಿಯುತ್ತೆ, ಪಕ್ಕಕ್ಕೆ ತಿರುಗಿಸಿ. ಕಾಫಿ, ತಣ್ಣೀರು ಸ್ನಾನ ಬೇಡವೇ ಬೇಡ. ಹೆಚ್ಚಿನ ರಾಜ್ಯಗಳಲ್ಲಿ ಕರೆಮಾಡಿದವನಿಗೆ ಕುಡಿಯಲು ಬೇಕಾದ 21 ವರ್ಷ ಆಗಿರದಿದ್ದರೂ ಕುಡಿದದ್ದಕ್ಕೆ ಕೇಸ್ ಇಲ್ಲ. ಆದರೆ ಹೆಸರು ಹೇಳಿ, ನೆರವು ಬರುವತನಕ ಅಲ್ಲೇ ಇರಬೇಕು.

ಇನ್ನೊಂದು, 18 ಆದ ಮೇಲೆ ಆಸ್ಪತ್ರೆಯವರು ನಿಮಗೆ ವಿವರ ಕೊಡದೆ ಇರಬಹುದು. ಅವನು ಓದುವ ರಾಜ್ಯದ ಹೆಲ್ತ್ ಕೇರ್ ಪ್ರಾಕ್ಸಿ (ಅವನ ಪರವಾಗಿ ಚಿಕಿತ್ಸೆಯ ತೀರ್ಮಾನವನ್ನು ನಿಮಗೆ ಒಪ್ಪಿಸುವ) ಫಾರಂಗೆ ಸಹಿ ಹಾಕಿಸಿ, ಫೋಟೋ ನಿಮ್ಮ ಫೋನಿನಲ್ಲಿರಲಿ.

ಪ್ರಶ್ನೆ (ಮೊದಲು ಕೇಳಿದ ತಾಯಿ): ಡಾಕ್ಟ್ರೇ, ತುಂಬಾ ಥ್ಯಾಂಕ್ಸ್. ದುಡ್ಡಿನ ಕಥೆ ಏನು? ಅವನು ಎಚ್-4 ವೀಸಾದಲ್ಲಿದ್ದಾನೆ (ಕೆಲಸದ ವೀಸಾದವರ ಅವಲಂಬಿತರಿಗೆ ಕೊಡೋದು), ಅದಕ್ಕೇನಾದ್ರೂ ತೊಂದರೆ?

ಉತ್ತರ (ವಕೀಲರು): ಸೇರುವುದರಿಂದ ವೀಸಾಗೆ ಏನೂ ಆಗಲ್ಲ. ಪಾರ್ಟಿಗೆ ಅಂತ ಮಾಡಿಸಿಕೊಳ್ಳುವ ನಕಲಿ ಐಡಿ, ಕುಡಿದು ಕಾರು ಓಡಿಸುವುದು, ಇವೆರಡು ಮುಳುಗಿಸುತ್ತವೆ. ಸ್ನೇಹಿತನಿಗೆ ಬರೀ ದಂಡದಲ್ಲಿ ಮುಗಿಯುವ ಕೇಸು ಎಚ್-4 ಹುಡುಗನಿಗೆ ವೀಸಾ ಕಳೆಯಬಹುದು. ಕೇಸಾದರೆ ತಪ್ಪೊಪ್ಪಿಕೊಳ್ಳುವ ಮೊದಲೇ ಇಮಿಗ್ರೇಶನ್ ವಕೀಲರನ್ನು ಕೇಳಿ.

ದುಡ್ಡು: ಸೆಮಿಸ್ಟರ್ ಡ್ಯೂಸ್ (ಸದಸ್ಯತ್ವದ ಶುಲ್ಕ) ಎಷ್ಟು, ಎರಡನೇ ವರ್ಷ ಅವರ ಮನೆಯಲ್ಲೇ ಇರಬೇಕೆಂಬ ಕರಾರಿದೆಯೇ, ಮಧ್ಯೆ ಬಿಟ್ಟರೂ ಬಾಡಿಗೆ ಕಟ್ಟಬೇಕೇ, ಇವನ್ನು ಬರಹದಲ್ಲಿ ಕೇಳಿ. 529 ಖಾತೆಯಿಂದ (ಕಾಲೇಜು ಖರ್ಚಿಗೆಂದು ತೆರಿಗೆ ವಿನಾಯಿತಿ ಇರುವ ಉಳಿತಾಯ) ಡ್ಯೂಸ್ ಕಟ್ಟಿದರೆ ಆ ವಿನಾಯಿತಿ ಸಿಗಲ್ಲ. ಮನೆ ಬಾಡಿಗೆ, ಊಟಕ್ಕೆ ಕಾಲೇಜು ಹೇಳಿದ ಮಿತಿಯವರೆಗೆ ಸಿಗುತ್ತೆ. ಸಹಿ ಹಾಕುವ ಕಾಗದದಲ್ಲಿ ನಷ್ಟ ತುಂಬಿಕೊಡುವ ಷರತ್ತು ಇದೆಯೇ ಓದಿ. ಹೇಜಿಂಗ್, 21 ತುಂಬದವರ ಕುಡಿತ ಆದ ಕಡೆ ಫ್ರೆಟರ್ನಿಟಿಯ ವಿಮೆ ಸಾಮಾನ್ಯವಾಗಿ ಕೈತೊಳೆದುಕೊಳ್ಳುತ್ತೆ, ಆಗ ದಾವೆ ಹುಡುಗನ ಮೇಲೆ. ನಿಮ್ಮ ಹೋಮ್‌ಓನರ್ಸ್ ಪಾಲಿಸಿ (ಮನೆ ವಿಮೆ) ಹೊರಗಿರುವ ವಿದ್ಯಾರ್ಥಿಯನ್ನೂ ಒಳಗೊಳ್ಳುತ್ತದೆಯೇ ಅಂತ ಏಜೆಂಟರಿಗೆ ಇಮೇಲ್ ಹಾಕಿ, ಫೋನಲ್ಲಿ ಬೇಡ.

ಪ್ರಶ್ನೆ (ಟೆಕ್ಸಾಸ್‌ನ ತಂದೆ): ಕಾಲೇಜಿನವರು ನಮಗೆ ತಿಳಿಸಲ್ವಾ ಸರ್?

ಉತ್ತರ (ಸಲಹೆಗಾರರು): ಮಗನಿಗೆ 21 ಆಗುವವರೆಗೆ ಮದ್ಯ, ಡ್ರಗ್ಸ್ ನಿಯಮ ಮುರಿದರೆ ತಿಳಿಸಲು ಫೆಡರಲ್ ಕಾನೂನು ಬಿಡುತ್ತೆ, ಆದರೆ ತಿಳಿಸಲೇಬೇಕು ಅಂತಿಲ್ಲ. ನಿಮ್ಮ ಕಾಲೇಜಿನ ಪದ್ಧತಿ ಏನು ಅಂತ ಡೀನ್ ಆಫೀಸಿಗೆ ಬರೆದು ಕೇಳಿ.

ಮೊದಲು ಕೇಳಿದ ತಾಯಿ: ವರದಿ ಸಿಕ್ಕಿತು. ಅವನು ಹೇಳಿದ ಹೆಸರು ಅದರಲ್ಲಿ ಎರಡು ಸಲ ಇದೆ. ಸಂಜೆ ಅವನಿಗೆ ಫೋನ್ ಮಾಡ್ತೀನಿ.