ಗುಲುವಿನ ಸಣ್ಣ ಅನುದಾನ: ಎಕೋ ಯಂತ್ರಕ್ಕೋ, ಪೆನಿಸಿಲಿನ್‌ಗೋ?

ಪ್ರಶ್ನೆ: ನಮಸ್ಕಾರ ಡಾಕ್ಟ್ರೇ. ಉತ್ತರ ಉಗಾಂಡದ ಗುಲು ಕಡೆಯ ಒಂದು ಆರೋಗ್ಯ ಕೇಂದ್ರಕ್ಕಾಗಿ ಅನುದಾನದ ಅರ್ಜಿ ಬರೀತಿದ್ದೀವಿ. 10,000 ಡಾಲರ್, ಒಂದು ವರ್ಷ. ಕೀಲುವಾತ ಜ್ವರದಿಂದ ಹೃದಯದ ಕವಾಟ ಕೆಟ್ಟವರು 150 ಮಂದಿ ಕೇಂದ್ರದ ಪಟ್ಟಿಯಲ್ಲಿದ್ದಾರೆ. ಕೈಯಲ್ಲಿ ಹಿಡಿಯುವ ಎಕೋ ಯಂತ್ರ (ಹೃದಯದ ಸ್ಕ್ಯಾನ್ ಮಾಡುವಂಥದ್ದು) ಕೊಂಡು ಶಾಲಾ ಮಕ್ಕಳ ತಪಾಸಣೆ ಮಾಡೋಣ ಅಂತ ಯೋಚನೆ. ಸರಿಯೇ?

ಉತ್ತರ (ಹೃದ್ರೋಗ ತಜ್ಞೆ): ಈ ದುಡ್ಡಿಗೆ ಬೇಡ. ತಪಾಸಣೆ ವ್ಯರ್ಥ ಅಂತಲ್ಲ. ನಿಮ್ಮ ಗುಲುವಿನಲ್ಲೇ ನಡೆದು 2021ರಲ್ಲಿ ಪ್ರಕಟವಾದ ಗೋಲ್ ಅಧ್ಯಯನ ನೋಡಿ. ಎಕೋದಲ್ಲಷ್ಟೇ ಕಾಣುವ ಹಂತದ ಕಾಯಿಲೆ ಇದ್ದ ಮಕ್ಕಳ ಮೇಲೆ ಎರಡು ವರ್ಷ ನಿಗಾ ಇಟ್ಟರು. ಪೆನಿಸಿಲಿನ್ ಚುಚ್ಚುಮದ್ದು ಪಡೆದವರಲ್ಲಿ 3 ಮಕ್ಕಳಿಗೆ ಕಾಯಿಲೆ ಮುಂದುವರಿಯಿತು, ಪಡೆಯದವರಲ್ಲಿ 33ಕ್ಕೆ. ಒಂದೊಂದು ಗುಂಪಿನಲ್ಲೂ ಸುಮಾರು 400 ಮಕ್ಕಳು. ಅಂದರೆ ಲಾಭ ತಂದಿದ್ದು ಚುಚ್ಚುಮದ್ದು. ಎಕೋ ಬರೀ ದಾರಿ ತೋರಿಸಿತು. ಹೊಸ ಮಕ್ಕಳನ್ನು ಪತ್ತೆಹಚ್ಚಿ, ಮದ್ದು ಕೊಡದೆ ಕಳಿಸಿದರೆ ಮನೆಯವರಿಗೆ ಹೆದರಿಕೆಯೊಂದೇ ಸಿಕ್ಕೀತು.

ಮೊದಲು ಇರುವ 150 ಮಂದಿಯ ಮದ್ದು ತಪ್ಪದಂತೆ ನೋಡಿ. ಬೆಂಜಥೀನ್ ಪೆನಿಸಿಲಿನ್ (ಜ್ವರ ಮರುಕಳಿಸಿ ಕವಾಟ ಇನ್ನಷ್ಟು ಕೆಡದಂತೆ ತಡೆಯುವ ಚುಚ್ಚುಮದ್ದು, ನಮ್ಮೂರಿನ ಪೆನಿಡ್ಯೂರ್ ಇದೇ) ನಾಲ್ಕು ವಾರಕ್ಕೊಮ್ಮೆ, 12 ಲಕ್ಷ ಯೂನಿಟ್. ಪುಟ್ಟ ಮಕ್ಕಳಿಗೆ 6 ಲಕ್ಷ, ತೂಕದ ಗೆರೆ ಅಲ್ಲಿನ ಮಾರ್ಗಸೂಚಿಯಂತೆ. ವರ್ಷಕ್ಕೆ 13 ಡೋಸ್, ಹಾಗಾಗಿ 1,950 ವಯಲ್. ಪೋಲಾಗುವುದಕ್ಕೆ ಹತ್ತು ಪರ್ಸೆಂಟ್ ಸೇರಿಸಿ 2,145. ಇಂಜೆಕ್ಷನ್ ನೀರು, ಸಿರಿಂಜ್, ಹೆಚ್ಚುವರಿ 21 ಗೇಜ್ ಸೂಜಿ, ಅಲರ್ಜಿಯಾದರೆ ಕೊಡಲು ಅಡ್ರಿನಲಿನ್ ಆಂಪೂಲ್ ಅರ್ಜಿಯಲ್ಲಿ ಬೇರೆ ಬೇರೆ ಸಾಲಾಗಿ ಬರಲಿ.

ಪ್ರಶ್ನೆ: ಸೂಜಿ ಕಟ್ಟಿಕೊಳ್ಳುತ್ತೆ ಅಂತ ನರ್ಸ್‌ಗಳ ದೂರು. ಜನರೂ ಎರಡು ಡೋಸ್ ಆದ ಮೇಲೆ ಬರೋದಿಲ್ಲ.

ಉತ್ತರ (ಹೃದ್ರೋಗ ತಜ್ಞೆ): ಮದ್ದು ನೀರಿನಲ್ಲಿ ಕರಗುವುದಿಲ್ಲ, ತೇಲುವ ಪುಡಿ ಅಷ್ಟೇ. ಕಲಸಿ ಇಟ್ಟರೆ ತಳಕ್ಕಿಳಿಯುತ್ತದೆ. ರೋಗಿ ಮಲಗಿದ ಮೇಲೆ ಕಲಸಿ, ಚೆನ್ನಾಗಿ ಅಲುಗಾಡಿಸಿ, ಎಳೆದ ಸೂಜಿ ಬದಲಿಸಿ, ನಿಧಾನವಾಗಿ ಒಂದೇ ಒತ್ತಡದಲ್ಲಿ ಬಿಡಲಿ. ನಡುವೆ ಕೈ ನಿಂತರೆ ಅಲ್ಲೇ ಕಟ್ಟುತ್ತದೆ. ಸ್ನಾಯುವಿಗೇ ಹೋಗಬೇಕು, ರಕ್ತನಾಳಕ್ಕೆ ಹೋದರೆ ಪ್ರಾಣಕ್ಕೆ ಕುತ್ತು. ಜನ ಬಾರದಿರಲು ದೊಡ್ಡ ಕಾರಣ ನೋವು. ನೀರಿನ ಬದಲು ಲಿಗ್ನೋಕೇನ್‌ನಲ್ಲಿ (ಮರಗಟ್ಟಿಸುವ ಮದ್ದು) ಕಲಸಿದರೆ ನೋವು ಕಡಿಮೆ. ಅಲ್ಲಿನ ವೈದ್ಯರ ಒಪ್ಪಿಗೆ ಪಡೆದು ಬಜೆಟ್ಟಿಗೆ ಸೇರಿಸಿ.

ಉಸಿರಾಡಲು ಕಷ್ಟಪಡುವವರು, ಕವಾಟ ತೀರಾ ಕೆಟ್ಟವರನ್ನು ಮಾತ್ರ ಬೇರೆ ಪಟ್ಟಿ ಮಾಡಿ. ಇಂಥವರಿಗೆ ಚುಚ್ಚಿದ ಬಳಿಕ ರಕ್ತದೊತ್ತಡ ಕುಸಿದು ಸಾವಾಗಬಹುದು, ಅದನ್ನು ಅಲರ್ಜಿ ಅಂದುಕೊಂಡು ಊರೇ ಮದ್ದಿಗೆ ಹೆದರುತ್ತದೆ. ಅಮೆರಿಕನ್ ಹಾರ್ಟ್ ಅಸೋಸಿಯೇಷನ್ 2022ರಲ್ಲಿ ಸಲಹೆ ಕೊಟ್ಟಂತೆ ಇವರಿಗೆ ಮಾತ್ರೆಯೇ ಮೇಲು.

ಉತ್ತರ (ಅನುದಾನದ ಅರ್ಜಿ ಪರಿಶೀಲಿಸುವವರು): ಲೆಕ್ಕದ ಪುಸ್ತಕದ ಬಗ್ಗೆ ಒಂದು ಮಾತು. "ಪ್ರತಿ ತಿಂಗಳು 5ನೇ ತಾರೀಕು" ಅಂತ ಬರೆದರೆ ವರ್ಷಕ್ಕೆ 12 ಡೋಸ್ ಆಗುತ್ತೆ, 13 ಅಲ್ಲ. 28 ದಿನ ಎಣಿಸಿ, ಮುಂದಿನ ತಾರೀಕನ್ನು ರೋಗಿಯ ಕಾರ್ಡಿನಲ್ಲೂ ಪುಸ್ತಕದಲ್ಲೂ ಅವತ್ತೇ ಬರೆಯಿರಿ. ಮೂರು ದಿನ ತಪ್ಪಿದವರ ಮನೆಗೆ ಹಳ್ಳಿಯ ವಿಎಚ್‌ಟಿ (ಗ್ರಾಮ ಆರೋಗ್ಯ ತಂಡ) ಕಾರ್ಯಕರ್ತರು ಹೋಗಲಿ, ಅವರ ಬೋಡಾ ಬೋಡಾ (ಬೈಕ್ ಟ್ಯಾಕ್ಸಿ) ಬಾಡಿಗೆಗೆ ಬಜೆಟ್ಟಿನಲ್ಲಿ ಜಾಗ ಇರಲಿ. ಸಣ್ಣ ಅರ್ಜಿಗಳು ಮರೆಯೋದು ಇದನ್ನೇ. ಬ್ಯಾನರಿಗೆ ಮಾತ್ರ ಧಾರಾಳ ಇರುತ್ತೆ.

ಗುರಿಯನ್ನು "ಜಾಗೃತಿ ಮೂಡಿಸುವುದು" ಅಂತ ಬರೀಬೇಡಿ. "ಚುಚ್ಚುಮದ್ದಿನ 150 ಮಂದಿಯಲ್ಲಿ ಎಷ್ಟು ಜನರಿಗೆ 13ರಲ್ಲಿ ಕನಿಷ್ಠ 11 ಡೋಸ್ ಸಿಕ್ಕಿತು" ಅಂತ ಬರೆಯಿರಿ. 80 ಪರ್ಸೆಂಟ್ ಡೋಸ್ ಆದರೂ ಸಿಗಬೇಕು ಅನ್ನೋ ಅಳತೆಗೆ ಅದೇ ಲೆಕ್ಕ. ಮಾತ್ರೆಗೆ ಬದಲಾದವರನ್ನು ಇದರಿಂದ ಕಳೆದು, ವಯಲ್ ಸಂಖ್ಯೆಯನ್ನೂ ಇಳಿಸಿ.