ತುಪ್ಪದ ಫಾರ್ವರ್ಡ್

ಗುಂಪು: ಕೃಷ್ಣಮೂರ್ತಿಪುರಂ ಮನೆಯವರು

ಪದ್ಮ ಅತ್ತೆ: (ಹಲವು ಬಾರಿ ಫಾರ್ವರ್ಡ್ ಆಗಿದೆ) ಸಕ್ಕರೆ ಕಾಯಿಲೆ ನಿಮ್ಮ ತಪ್ಪಲ್ಲ!! ತಾಯಿಯ ಹೊಟ್ಟೆಯಲ್ಲೇ ಬರೆದಿರುತ್ತದೆ. 1944ರಲ್ಲಿ ಹಾಲೆಂಡಿನ ಬಸುರಿಯರು ಉಪವಾಸ ಬಿದ್ದರು, ಹುಟ್ಟಿದ ಮಕ್ಕಳಿಗೆಲ್ಲ ಶುಗರ್. ಬಸುರಿಯರು ದಿನಾ 4 ಚಮಚ ತುಪ್ಪ ತಿಂದರೆ ಮಗುವಿಗೆ ಜನ್ಮದಲ್ಲಿ ಶುಗರ್ ಬರುವುದಿಲ್ಲ. 10 ಜನಕ್ಕೆ ಕಳಿಸಿ.

ಪದ್ಮ ಅತ್ತೆ: ಸ್ನೇಹಾ, ನೋಡಮ್ಮ. ನಿನಗೇ ಅಂತ ಹಾಕಿದ್ದು.

ದೊಡ್ಡಪ್ಪ: ನಮ್ಮ ಹಿರಿಯರಿಗೆ ಇದೆಲ್ಲ ಗೊತ್ತಿತ್ತು. ಈಗಿನವರಿಗೆ ಬಸುರಿಯಾದರೂ ಆಫೀಸು, ರಾತ್ರಿ 10ಕ್ಕೆ ಡಬ್ಬಿಯಲ್ಲಿ ಬಂದ ನೂಡಲ್ಸು. ಆಮೇಲೆ ಮಗುವಿಗೆ ಹಾಗಾಯ್ತು ಹೀಗಾಯ್ತು ಅಂತ ಅಳುತ್ತಾರೆ. ಯಾರನ್ನೂ ಉದ್ದೇಶಿಸಿ ಹೇಳುತ್ತಿಲ್ಲ.

ಸ್ನೇಹಾ: ಈ ಗುಂಪಿನಲ್ಲಿ ಬಸುರಿ ಅಂತ ಇರುವವಳು ನಾನೊಬ್ಬಳೇ ದೊಡ್ಡ ಮಾವ.

ಕಾರ್ತಿಕ್: ಅತ್ತೆ, ಇದನ್ನು ಬರೆದವರು ಯಾರು? ಎಲ್ಲಿಂದ ಬಂತು?

ಪದ್ಮ ಅತ್ತೆ: ನಮ್ಮ ಭಜನಾ ಮಂಡಳಿಯಿಂದ. ಅಲ್ಲಿರುವವರೆಲ್ಲ ಓದಿದವರೇ. ನಿನಗೆ ನಾನು ಏನು ಹಾಕಿದರೂ ಆಧಾರ ಬೇಕು.

ಕಾರ್ತಿಕ್: ಹಾಲೆಂಡ್ ಕಥೆ ನಿಜ, ತುಪ್ಪ ನಡುವೆ ಯಾರೋ ಸುರಿದದ್ದು. ಯುದ್ಧದಲ್ಲಿ ಜರ್ಮನ್ನರು ಆಹಾರ ಸಾಗಣೆ ತಡೆದರು, ಊರುಗಳಲ್ಲಿ ರೇಷನ್ ದಿನಕ್ಕೆ 400ರಿಂದ 800 ಕ್ಯಾಲೊರಿಗೆ ಇಳಿಯಿತು. ಆಗ ಹೊಟ್ಟೆಯಲ್ಲಿದ್ದವರನ್ನು 50ನೇ ವಯಸ್ಸಿನ ಹೊತ್ತಿಗೆ ಪರೀಕ್ಷೆ ಮಾಡಿದಾಗ ಗ್ಲೂಕೋಸ್ ಕುಡಿದ ಮೇಲೆ ರಕ್ತದಲ್ಲಿ ಸಕ್ಕರೆ ಬೇರೆಯವರಿಗಿಂತ ಜಾಸ್ತಿ ನಿಂತಿತ್ತು. ಎಲ್ಲರಿಗೂ ಶುಗರ್ ಬಂತು ಅಂತ ಯಾರೂ ಹೇಳಿಲ್ಲ.

ಪದ್ಮ ಅತ್ತೆ: ಅದೇ ತಾನೇ ನಾನು ಹೇಳಿದ್ದು. ನನಗೆ 45ಕ್ಕೇ ಶುಗರ್ ಬಂತು. ಅಣ್ಣ ಇವತ್ತಿಗೂ ಮೈಸೂರು ಪಾಕಿನ ಲೆಕ್ಕ ಹೇಳುತ್ತಾನೆ. ಈಗ ಗೊತ್ತಾಯ್ತಲ್ಲ.

ದೊಡ್ಡಪ್ಪ: ಏನು ಗೊತ್ತಾಯ್ತು? ಅಮ್ಮನ ತಪ್ಪು ಅಂತೀಯಾ? ಐದು ಹೆತ್ತವಳು ಅವಳು. ಬಾಯಿಗೆ ಬಂದ ಹಾಗೆ ಬರೆಯಬೇಡ.

ರವಿ: ಡಲ್ಲಾಸಿನಲ್ಲಿ ಈಗ ಬೆಳಗಿನ ಜಾವ 5. ತುಪ್ಪ ಅಂದ ತಕ್ಷಣ ಅಜ್ಜಿ ನೆನಪಾದಳು. ಬೆಣ್ಣೆ ಕಾಯಿಸಿ ಕೊನೆಗೆ ಒಂದು ವೀಳ್ಯದೆಲೆ ಹಾಕುತ್ತಿದ್ದಳು, ಚಟಪಟ ಅನ್ನುತ್ತಿತ್ತು. ತಳದ ಕಂದು ಗಸಿಗೆ ಬಿಸಿ ಅನ್ನ, ಉಪ್ಪು ಹಾಕಿ ಕಲಸಿ ಕೈತುತ್ತು. ಕಾರ್ತಿಕ್, ನೀನು ನನ್ನ ತುತ್ತು ಕಿತ್ತುಕೊಂಡು ತಿನ್ನುತ್ತಿದ್ದೆ ಕಣೋ.

ಕಾರ್ತಿಕ್: ರವಿ, ಒಂದು ನಿಮಿಷ ಇರು. ಹಾಲೆಂಡಿಗೆ ಯಾಕೆ ಹೋಗಬೇಕು? ಅತ್ತೆ, ನೀವು 1957ರಲ್ಲಿ ಹುಟ್ಟಿದ್ದು ನಮ್ಮ ಮಿಷನ್ ಆಸ್ಪತ್ರೆಯಲ್ಲಿ ತಾನೇ? ಅಲ್ಲಿ 1934ರಿಂದ ಪ್ರತಿ ಕೂಸಿನ ತೂಕ, ಉದ್ದ, ತಲೆಯ ಸುತ್ತಳತೆ ಬರೆದಿಟ್ಟಿದ್ದರು. 1990ರ ದಶಕದಲ್ಲಿ ಸಂಶೋಧಕರು ಆ ರಿಜಿಸ್ಟರ್ ಹಿಡಿದುಕೊಂಡು ಮೈಸೂರಿನಲ್ಲಿ ಮನೆಮನೆ ಸುತ್ತಿ ಆ ಕೂಸುಗಳನ್ನು ಹುಡುಕಿದರು, ಅಷ್ಟು ಹೊತ್ತಿಗೆ ಅವರೆಲ್ಲ ನಡುವಯಸ್ಸಿನವರು. ಕಡಿಮೆ ತೂಕದಲ್ಲಿ ಹುಟ್ಟಿದವರಲ್ಲಿ ಹೃದಯದ ಕಾಯಿಲೆ ಜಾಸ್ತಿ ಇತ್ತು. ಶುಗರ್ ಮಾತ್ರ ಉಲ್ಟಾ. ಉದ್ದ ಕಡಿಮೆ ಇದ್ದು ಗುಂಡಗೆ ಹುಟ್ಟಿದವರಲ್ಲಿ, ದಪ್ಪ ತಾಯಂದಿರ ಮಕ್ಕಳಲ್ಲಿ ಜಾಸ್ತಿ ಕಂಡಿತು. ಅಂದರೆ ಹಾಲೆಂಡಿನ ಲೆಕ್ಕ ನಮಗೆ ಹಾಗ್‌ಹಾಗೇ ಕೂರುವುದಿಲ್ಲ. ಪುಣೆಯ ಇನ್ನೊಂದು ಅಧ್ಯಯನದಲ್ಲಿ, ತಾಯಿಗೆ ಬಿ12 ವಿಟಮಿನ್ ಕಡಿಮೆ, ಫೋಲೇಟ್ ಅನ್ನುವ ಇನ್ನೊಂದು ವಿಟಮಿನ್ ಜಾಸ್ತಿ ಇದ್ದ ಮಕ್ಕಳಲ್ಲಿ 6 ವರ್ಷಕ್ಕೇ ಇನ್ಸುಲಿನ್ ಸರಿಯಾಗಿ ಕೆಲಸ ಮಾಡುತ್ತಿರಲಿಲ್ಲ. ಸಸ್ಯಾಹಾರಿಗಳಾದ ನಾವು ನೋಡಬೇಕಾದದ್ದು ಬಿ12.

ಪದ್ಮ ಅತ್ತೆ: ದಪ್ಪ ತಾಯಿ ಅಂತ ಯಾರಿಗೆ ಹೇಳಿದ್ದು?

ದೊಡ್ಡಪ್ಪ: ಇಷ್ಟುದ್ದ ಯಾರು ಓದುತ್ತಾರೆ?

ಲಲಿತಾ ಚಿಕ್ಕಮ್ಮ: ನಾನು ಓದಿದೆ. ಭಾವ, ಹಿರಿಯರಿಗೆ ಎಲ್ಲ ಗೊತ್ತಿತ್ತು ಅಂದಿರಲ್ಲ, ಅದಕ್ಕೊಂದು ಮಾತು. 1991, ಕಾರ್ತಿಕ್ ಹೊಟ್ಟೆಯಲ್ಲಿ, ಎಂಟು ತಿಂಗಳು. ಜಾಸ್ತಿ ತಿಂದರೆ ಕೂಸು ದಪ್ಪ ಆಗುತ್ತದೆ, ಹೆರಿಗೆ ಕಷ್ಟ ಅಂತ ರಾತ್ರಿ ನನಗೆ ಒಂದೇ ಸೌಟು ಅನ್ನ, ಅದೂ ಎಲ್ಲರ ಊಟ ಆದ ಮೇಲೆ. ದೇವರ ಮನೆಯ ಡಬ್ಬದಿಂದ ಹುರಿಗಡಲೆ ಸೆರಗಿಗೆ ಕಟ್ಟಿಕೊಂಡು ಬಚ್ಚಲಲ್ಲಿ ನಿಂತು ತಿಂದಿದ್ದೇನೆ. ಅಗಿಯುವ ಸದ್ದು ಕೇಳಬಾರದು ಅಂತ ನಲ್ಲಿ ಬಿಟ್ಟುಕೊಂಡು. ಮಾರನೇ ದಿನ ಡಬ್ಬ ಅಟ್ಟ ಸೇರಿತ್ತು. ಇಟ್ಟವರು ಈ ಗುಂಪಿನಲ್ಲೇ ಇದ್ದಾರೆ.

ಪದ್ಮ ಅತ್ತೆ: ಈ ಸಂದೇಶವನ್ನು ಅಳಿಸಲಾಗಿದೆ

ಪದ್ಮ ಅತ್ತೆ: ಅಮ್ಮ ಹೇಳಿದ್ದಕ್ಕೆ ಇಟ್ಟೆ. ನಾನಾಗಿ ಇಟ್ಟಿದ್ದಲ್ಲ.

ದೊಡ್ಡಪ್ಪ: ಉತ್ತರ ಕೊಡಲು ಅಮ್ಮ ಈಗಿಲ್ಲ. ಸಾಕು.

ರವಿ: ಚಿಕ್ಕಮ್ಮ, ಆ ಡಬ್ಬ ಹಿತ್ತಾಳೆಯದ್ದು ಅಲ್ವಾ? ಮುಚ್ಚಳದ ಮೇಲೆ ನವಿಲು?

ಕಾರ್ತಿಕ್: ಅಮ್ಮ, ಹುಟ್ಟಿದಾಗ ನನ್ನ ತೂಕ ಎಷ್ಟಿತ್ತು?

ಲಲಿತಾ ಚಿಕ್ಕಮ್ಮ: 2 ಕೆಜಿ 200. ಯಾಕೋ?

ಕಾರ್ತಿಕ್: ಸುಮ್ನೆ.

ಸ್ನೇಹಾ: ಸುಮ್ನೆ ಅಲ್ಲ ಅತ್ತೆ. ಕಳೆದ ತಿಂಗಳ ರಿಪೋರ್ಟಿನಲ್ಲಿ ಇವರಿಗೆ ಶುಗರ್ ಬಾರ್ಡರಿಗೆ ಬಂದಿದೆ. ರಾತ್ರಿ 2ರವರೆಗೂ ಇದನ್ನೇ ಓದುತ್ತಾ ಕೂರುತ್ತಾರೆ, ಯಾರಿಗೂ ಹೇಳಬೇಡ ಅಂದಿದ್ದರು. ನನ್ನ ಶುಗರ್ ಟೆಸ್ಟ್ ಶನಿವಾರ, 75 ಗ್ರಾಂ ಗ್ಲೂಕೋಸ್ ಕುಡಿದು ಕೂರಬೇಕು.

ಲಲಿತಾ ಚಿಕ್ಕಮ್ಮ: ಕಾರ್ತಿಕ್ ಫೋನ್ ಎತ್ತು.

ಲಲಿತಾ ಚಿಕ್ಕಮ್ಮ: ಎತ್ತೋ.

ಪದ್ಮ ಅತ್ತೆ: ಹಾಗಾದರೆ ನಾನು ಹಾಕಿದ್ದು ನಿಜವೇ ಆಯ್ತಲ್ಲ.

ದೊಡ್ಡಪ್ಪ: ಪದ್ಮಾ.

ರವಿ: ಆ ನವಿಲಿನ ಡಬ್ಬ ಈಗ ಯಾರ ಹತ್ತಿರ ಇದೆ? ಮುಂದಿನ ಸಲ ಬಂದಾಗ ನಾನು ತೆಗೆದುಕೊಂಡು ಹೋಗಲಾ?

ಲಲಿತಾ ಚಿಕ್ಕಮ್ಮ: ನಿಮ್ಮ ಅತ್ತೆಯನ್ನು ಕೇಳಪ್ಪ. ಮನೆ ಭಾಗವಾದ ದಿನದಿಂದ ಅವರ ಹತ್ತಿರವೇ ಇದೆ.